ದುಡ್ಡು ಮೊದಲಾ, ಸಾಮಾನು ಮೊದಲಾ?

ಮಲ್ಪೆ ಬಂದರಿನ ಮೀನು ಏಲಂನಲ್ಲಿ ಯಾರೂ ಕಣ್ಣುಮುಚ್ಚಿ ರೇಟು ಕೂಗುವುದಿಲ್ಲ. ಬಂಗುಡೆಯ ಕಿವಿರು ಎತ್ತಿ ಕೆಂಪಗಿದೆಯಾ ನೋಡುತ್ತಾರೆ, ಬೆರಳಿನಿಂದ ಒತ್ತುತ್ತಾರೆ. ಬೋಟು ಯಾರದು ಅಂತಲೂ ಗೊತ್ತಿರುತ್ತದೆ. ಇವತ್ತು ಮೋಸ ಮಾಡಿದವನು ನಾಳೆ ಅದೇ ಬಂದರಿಗೆ ಬರಬೇಕು. ಆನ್‌ಲೈನ್ ಹರಾಜಿನಲ್ಲಿ ಕಾಣುವುದು ಒಂದು ಫೋಟೋ, ಒಂದು ಹೆಸರು. ಅದೂ ನಿಜವೋ ಸುಳ್ಳೋ!

ಕಾಣದವರ ಹತ್ತಿರ ಸಾಮಾನು ತರಿಸುವುದು ನಮಗೆ ಹೊಸದೇನಲ್ಲ. ಅಂಚೆಯಲ್ಲಿ 1877ರಲ್ಲೇ ವಿ.ಪಿ.ಪಿ. ಬಂತು. ಪೋಸ್ಟ್‌ಮ್ಯಾನ್ ಕೈಗೆ ದುಡ್ಡು ಕೊಟ್ಟರೆ ಪಾರ್ಸೆಲ್ ನಿಮ್ಮದು, ದುಡ್ಡು ಅಂಚೆಯ ಮೂಲಕವೇ ಮಾರಿದವನಿಗೆ. ಆದರೆ ದುಡ್ಡು ಕೊಡದೆ ಬಿಚ್ಚುವಂತಿರಲಿಲ್ಲ. ಒಳಗಿರುವುದು ವಾಚೋ ಇಟ್ಟಿಗೆಯೋ ಆಮೇಲೆಯೇ ಗೊತ್ತಾಗಬೇಕು.

1995ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪ್ರೋಗ್ರಾಮರ್ ಪಿಯರ್ ಒಮಿಡ್ಯಾರ್ 'ಆಕ್ಷನ್‌ವೆಬ್' ಅನ್ನುವ ಹರಾಜು ಸೈಟು ಶುರು ಮಾಡಿದರು. ಮುಂದೆ ಇಬೇ ಆಗಿದ್ದು ಅದೇ. ಅಲ್ಲಿ ಮೊದಲು ಮಾರಾಟವಾದದ್ದು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್, 14.83 ಡಾಲರಿಗೆ. ಗಿರಾಕಿಗಳ ಜಗಳ ಬಿಡಿಸಿ ಸಾಕಾಗುವಂತಾದಾಗ, 1996ರಲ್ಲಿ ಒಮಿಡ್ಯಾರ್ ಒಂದು ಉಪಾಯ ಮಾಡಿದರು. ಕೊಂಡವರು, ಮಾರಿದವರು ಒಬ್ಬರಿಗೊಬ್ಬರು ಎಲ್ಲರಿಗೂ ಕಾಣುವ ಹಾಗೆ ಅಂಕ ಕೊಡಬೇಕು. ಊರಲ್ಲಿ ಹೆಸರು ಕೆಡುವ ಭಯ ಇರುತ್ತದಲ್ವಾ, ಅದನ್ನೇ ಇಂಟರ್ನೆಟ್ಟಿಗೆ ತಂದರು.

ವಂಚಕರು ಅದಕ್ಕೂ ದಾರಿ ಹುಡುಕಿದರು. ಸಣ್ಣಪುಟ್ಟ ಸಾಮಾನನ್ನು ಸರಿಯಾಗಿ ಕಳಿಸಿ ಒಳ್ಳೆ ಅಂಕ ಕೂಡಿಟ್ಟುಕೊಳ್ಳುವುದು, ಆಮೇಲೆ ಒಂದೇ ಸಲ ನಾಲ್ಕೈದು ದುಬಾರಿ ಕ್ಯಾಮೆರಾ ಹಾಕಿ ದುಡ್ಡು ಬಂದೊಡನೆ ಮಾಯವಾಗುವುದು. ಹಾಗಾಗಿ ಎಷ್ಟು ಸ್ಟಾರ್ ಅನ್ನುವುದಕ್ಕಿಂತ ಏನು ಮಾರಿ ಬಂದ ಸ್ಟಾರ್ ಅಂತ ನೋಡುವುದು ಜಾಸ್ತಿ ಉಪಯೋಗ. ಇನ್ನೊಂದು ತೊಂದರೆಯೂ ಇತ್ತು. ಕೊಂಡವರು ಕೆಟ್ಟ ಅಂಕ ಕೊಟ್ಟರೆ ಮಾರಿದವರು ಸಿಟ್ಟಿನಿಂದ ತಿರುಗಿ ಕೊಡುತ್ತಿದ್ದರು. 2008ರಲ್ಲಿ ಇಬೇ ಮಾರುವವರ ಆ ಅಧಿಕಾರವನ್ನೇ ಕಿತ್ತುಕೊಂಡಿತು.

ನಮ್ಮ ದೇಶದಲ್ಲಿ 2000ದಲ್ಲಿ ಬಾಜೀ ಡಾಟ್ ಕಾಮ್ ಅನ್ನುವ ಹರಾಜು ಸೈಟು ಶುರುವಾಯಿತು. 2004ರಲ್ಲಿ ಇಬೇ ಅದನ್ನು ಸುಮಾರು 5 ಕೋಟಿ ಡಾಲರಿಗೆ ಕೊಂಡಿತು. ಇಲ್ಲಿ ಬಂದ 'ಪೈಸಾಪೇ' ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯ ವ್ಯವಸ್ಥೆ. ನೀವು ಕೊಟ್ಟ ದುಡ್ಡು ಸೈಟಿನ ಹತ್ತಿರ ಇರುತ್ತಿತ್ತು, ಸಾಮಾನು ತಲುಪಿದ ಮೇಲೆಯೇ ಅದು ಮಾರಿದವರಿಗೆ ಹೋಗುತ್ತಿತ್ತು. ಆದ್ದರಿಂದಲೇ ವಂಚಕರ ಕೆಲಸವೆಲ್ಲ ಗಿರಾಕಿಯನ್ನು ಸೈಟಿನಿಂದ ಹೊರಗೆ ಎಳೆಯುವುದಾಯಿತು. 'ಗೆದ್ದವರು ಹಿಂದೆ ಸರಿದರು, ನಿಮಗೇ ಕೊಡುತ್ತೇನೆ, ನೇರ ಖಾತೆಗೆ ಹಾಕಿ' ಅಂತ ಹರಾಜಿನಲ್ಲಿ ಸೋತವರಿಗೆ ಇಮೇಲ್ ಬರುತ್ತಿತ್ತು. ಹಾಕಿದರೆ ಮುಗಿಯಿತು, ಸೈಟಿನ ಯಾವ ಗ್ಯಾರಂಟಿಯೂ ಇಲ್ಲ.

2018ರ ಆಗಸ್ಟ್ 14ಕ್ಕೆ ಇಬೇಯ ಭಾರತದ ಸೈಟು ಮುಚ್ಚಿತು. ಅಷ್ಟರಲ್ಲಿ ಜನ ಓಎಲ್‌ಎಕ್ಸ್‌ನಂಥ ಜಾಹೀರಾತು ಸೈಟುಗಳಿಗೆ, ಫೇಸ್‌ಬುಕ್ಕಿಗೆ ಹೋಗಿ ಆಗಿತ್ತು. ಅಲ್ಲಿ ನೀವು ನೀವೇ ಮಾತಾಡಿಕೊಳ್ಳಬೇಕು, ಮಧ್ಯೆ ದುಡ್ಡು ಹಿಡಿಯುವವರಿಲ್ಲ. ಹತ್ತಿರದವರಾದರೆ ಅದೂ ನಡೆಯುತ್ತದೆ. ಮಣಿಪಾಲದಲ್ಲಿ ಕೋರ್ಸ್ ಮುಗಿಸಿ ಹೊರಟ ಹುಡುಗನ ಬೈಕನ್ನು ಅಲ್ಲಿನ ಎಂಡ್ ಪಾಯಿಂಟ್ ಪಾರ್ಕ್ ತನಕ ಓಡಿಸಿ ನೋಡಬಹುದು, ಆರ್‌ಸಿ ಮೇಲಿನ ಚಾಸಿ ನಂಬರನ್ನು ಬೈಕಿನ ನಂಬರಿಗೆ ತಾಳೆ ಹಾಕಬಹುದು. ಆಮೇಲೆ ದುಡ್ಡು.

ಭೇಟಿಯೇ ಆಗದವರ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ: 'ನಾನು ಸಿಐಎಸ್‌ಎಫ್, ಮಂಗಳೂರು ಏರ್‌ಪೋರ್ಟಿನಲ್ಲಿ ಡ್ಯೂಟಿ. ಟ್ರಾನ್ಸ್‌ಫರ್ ಆಗಿದೆ, ಬುಲೆಟ್ ಅರ್ಧ ಬೆಲೆಗೆ ಕೊಡುತ್ತೇನೆ.' ಯೂನಿಫಾರ್ಮ್ ಫೋಟೋ ಬರುತ್ತದೆ, ಐಡಿ ಕಾರ್ಡೂ ಬರುತ್ತದೆ. ನೋಡಲು ಬರುತ್ತೇನೆ ಅಂದರೆ 'ಒಳಗೆ ಬಿಡುವುದಿಲ್ಲ, ಆರ್ಮಿ ಗಾಡಿಯಲ್ಲೇ ಮನೆಗೆ ಕಳಿಸುತ್ತೇನೆ' ಅನ್ನುತ್ತಾರೆ. ಮೊದಲು ಗೇಟ್‌ಪಾಸಿಗೆ ಎರಡು ಸಾವಿರ. ಆಮೇಲೆ ಇನ್ಶೂರೆನ್ಸ್, ಆಮೇಲೆ ಜಿಎಸ್‌ಟಿ. ಎಲ್ಲವೂ 'ರಿಫಂಡ್ ಆಗುತ್ತದೆ'. ಕೊಟ್ಟದ್ದನ್ನು ಬಿಡಲಾಗದೆ ಮತ್ತೆ ಕೊಡುತ್ತಾ ಹೋಗುತ್ತೇವೆ, ಅದೇ ಅವರ ಲೆಕ್ಕ.

2016ರಲ್ಲಿ ಯುಪಿಐ ಬಂದ ಮೇಲೆ ಮಾರುವವರೂ ಮೋಸ ಹೋಗತೊಡಗಿದರು. ಹಳೆ ಸೋಫಾ ಮಾರಲು ಇಟ್ಟವರಿಗೆ ಕ್ಯೂಆರ್ ಕಳಿಸಿ 'ಸ್ಕ್ಯಾನ್ ಮಾಡಿ, ದುಡ್ಡು ಬರುತ್ತದೆ' ಅನ್ನುತ್ತಾರೆ. ದುಡ್ಡು ಬರಲು ಪಿನ್ ಬೇಡ. ಹೀಗೆ ಸ್ಕ್ಯಾನ್ ಮಾಡಿದಾಗ ಪಿನ್ ಕೇಳುವ ಪರದೆ ಬಂತೆಂದರೆ ದುಡ್ಡು ಹೋಗುತ್ತಿದೆ ಅಂತಲೇ ಅರ್ಥ.

ಕಾನೂನು ಇಲ್ಲವೆಂದಲ್ಲ. ಐಟಿ ಕಾಯ್ದೆಯ 66ಡಿ ಪ್ರಕಾರ ಬೇರೆಯವರ ಸೋಗಿನಲ್ಲಿ ಆನ್‌ಲೈನ್ ವಂಚನೆ ಮಾಡಿದರೆ 3 ವರ್ಷದ ತನಕ ಜೈಲು. ಮಂಗಳೂರು, ಉಡುಪಿ ಎರಡೂ ಕಡೆ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆ ಇದೆ. ಆದರೆ ಮೊದಲು ಮಾಡಬೇಕಾದ್ದು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ವಹಿವಾಟಿನ ನಂಬರ್, ಹೊತ್ತು, ಮೊತ್ತ ಕೈಯಲ್ಲಿರಲಿ. ದುಡ್ಡು ಇನ್ನೂ ಆಚೆಯ ಖಾತೆಯಲ್ಲೇ ಇದ್ದರೆ ಬ್ಯಾಂಕ್ ಅದನ್ನು ತಡೆಹಿಡಿಯಬಹುದು. ನಾಚಿಕೆಯಿಂದ ಮನೆಯಲ್ಲಿ ಹೇಳದೆ ಎರಡು ದಿನ ಕೂತರೆ, ಅಷ್ಟರಲ್ಲಿ ಅದು ಎಷ್ಟೋ ಖಾತೆ ದಾಟಿರುತ್ತದೆ.