ಗುಗ್ಗುಳ: ಧೂಪದಿಂದ ಕೊಲೆಸ್ಟ್ರಾಲ್ ಮಾತ್ರೆಯವರೆಗೆ

ಕೆಂಡದ ಮೇಲೆ ಗುಗ್ಗುಳದ ಒಂದು ಚೂರು ಹಾಕಿ ನೋಡಿ. ಮೊದಲು ಮೆತ್ತಗಾಗುತ್ತದೆ, ಆಮೇಲೆ ದಟ್ಟ ಹೊಗೆ ಏಳುತ್ತದೆ. ಬೆರಳಿಗೆ ಅಂಟಿದರೆ ಬೇಗ ಬಿಡುವುದಿಲ್ಲ. ನಾಲಿಗೆಗೆ ಇಟ್ಟರೆ ಕಹಿ. ನಮ್ಮಲ್ಲಿ ಹೆಚ್ಚಿನವರಿಗೆ ಇದು ಗೊತ್ತಿರುವುದು ಧೂಪವಾಗಿ. ಗಿಡದಿಂದ ಇಳಿಸಿದ ಇದೇ ಅಂಟು ಈಗ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆಯಾಗಿಯೂ ಸಿಗುತ್ತದೆ.

ಇದು ಸುಮ್ನೆ ಯಾರೋ ಹುಟ್ಟುಹಾಕಿದ ಕಥೆಯಲ್ಲ. ಮೈಯಲ್ಲಿ ಕೊಬ್ಬು ಹೆಚ್ಚಿ ಬರುವ ಕಾಯಿಲೆಗಳ ಬಗ್ಗೆ ಸುಶ್ರುತ ಸಂಹಿತೆಯಲ್ಲಿ ಇರುವ ಮಾತನ್ನು ಹಿಡಿದು, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಜಿ.ವಿ. ಸತ್ಯವತಿ ಗುಗ್ಗುಳವನ್ನು ಮೊಲಗಳಿಗೆ ಕೊಟ್ಟು ನೋಡಿದರು. ಕೊಲೆಸ್ಟ್ರಾಲ್ ಇಳಿಯಿತು. ಅವರ ಪ್ರಬಂಧ ಬಂದಿದ್ದು 1966ರಲ್ಲಿ. ಮುಂದೆ ಅವರೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಹಾನಿರ್ದೇಶಕಿಯಾದರು. ಗ್ರಂಥದಲ್ಲಿದೆ ಎಂದು ಒಪ್ಪಿಕೊಂಡು ಕೂರದೆ ಪರೀಕ್ಷೆಗಿಟ್ಟ ಅವರ ದಾರಿಯ ಬಗ್ಗೆ ನನಗೆ ತುಂಬಾ ಗೌರವವಿದೆ. ಆಮೇಲೆ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಅಂಟಿನಿಂದ ಸಾರ ತೆಗೆದು ‘ಗುಗುಲಿಪಿಡ್’ ಮಾಡಿತು. 1980ರ ದಶಕ ಮುಗಿಯುವ ಹೊತ್ತಿಗೆ ಅದು ಭಾರತದ ಅಂಗಡಿಗಳಲ್ಲಿತ್ತು. 1994ರಲ್ಲಿ ಪ್ರಕಟವಾದ ಭಾರತದ ಒಂದು ಅಧ್ಯಯನದಲ್ಲಿ 61 ಜನ ಇದ್ದರು. ಹಣ್ಣು ತರಕಾರಿಯ ಪಥ್ಯದ ಜೊತೆ ಗುಗ್ಗುಳ ತಗೊಂಡವರ ಎಲ್‌ಡಿಎಲ್, ಅಂದರೆ ‘ಕೆಟ್ಟ’ ಕೊಲೆಸ್ಟ್ರಾಲ್, ಶೇ. 12ರಷ್ಟು ಇಳಿದಿತ್ತು.

2003ರಲ್ಲಿ ಮಾತ್ರ ಲೆಕ್ಕ ತಲೆಕೆಳಗಾಯಿತು. ಅಮೆರಿಕದಲ್ಲಿ 103 ಜನರ ಮೇಲೆ 8 ವಾರ ಪರೀಕ್ಷೆ ನಡೆಯಿತು. ಗುಗ್ಗುಳ ತಗೊಂಡವರ ಎಲ್‌ಡಿಎಲ್ ಇಳಿಯುವ ಬದಲು ಶೇ. 4–5ರಷ್ಟು ಏರಿತ್ತು. ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರದ್ದೇ ಇಳಿದಿತ್ತು! ಕೆಲವರ ಮೈಮೇಲೆ ದದ್ದು ಎದ್ದಿತ್ತು. ಅಲ್ಲಿನವರ ಊಟ ಬೇರೆ, ಮೈ ಬೇರೆ ಎಂಬ ವಿವರಣೆಗಳು ಬಂದವು. ಆದರೂ ಇಷ್ಟು ದೊಡ್ಡ ಅನುಮಾನ ಎದ್ದ ಮೇಲೆ ಡಾಕ್ಟರ್ ಕೊಟ್ಟ ಮಾತ್ರೆ ಬಿಟ್ಟು ಇದನ್ನೇ ನಂಬುವುದು ತಪ್ಪು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಇನ್ನೊಂದು ವಿಷಯ ಡಬ್ಬಿಯ ಮೇಲೆ ಕಾಣುವುದು ಕಡಿಮೆ. ಬಿಪಿ, ಹೃದಯದ ತೊಂದರೆಗೆ ಕೊಡುವ ಪ್ರೊಪ್ರನೊಲಾಲ್, ಡಿಲ್ಟಿಯಾಜೆಮ್ ಮಾತ್ರೆಗಳು ರಕ್ತಕ್ಕೆ ಸೇರುವ ಪ್ರಮಾಣವನ್ನು ಗುಗ್ಗುಳ ಕಡಿಮೆ ಮಾಡುತ್ತದೆ. ಅಪ್ಪ ಅಮ್ಮನ ಮಾತ್ರೆ ಡಬ್ಬಿಯಲ್ಲಿ ಇಂಥ ಮಾತ್ರೆಯೂ ಗುಗ್ಗುಳವೂ ಅಕ್ಕಪಕ್ಕ ಇದ್ದರೆ ಡಾಕ್ಟರಿಗೆ ಹೇಳಲೇಬೇಕು, ಅಲ್ವಾ? ‘ಅದು ಆಯುರ್ವೇದದ್ದು, ಹೇಳೋದೇನಿದೆ’ ಎಂದು ಬಿಡುವವರೇ ಜಾಸ್ತಿ.

ಇದಕ್ಕೆ ಹೋಲಿಸಿದರೆ ಇಸಬ್‌ಗೋಲ್ ಹೊಟ್ಟು ಸೀದಾ ಸಾದಾ. ನೀರಲ್ಲಿ ಲೋಳೆಯಾಗಿ, ಕರುಳಲ್ಲಿ ಪಿತ್ತರಸವನ್ನು ಹಿಡಿದುಕೊಂಡು ಹೊರಗೆ ಹೋಗುತ್ತದೆ. ಹೊಸ ಪಿತ್ತರಸ ಮಾಡಲು ಯಕೃತ್ತು ರಕ್ತದ ಕೊಲೆಸ್ಟ್ರಾಲನ್ನೇ ಬಳಸಬೇಕಾಗುತ್ತದೆ. ಇಳಿಕೆ ದೊಡ್ಡದಲ್ಲ, ಆದರೆ ಮತ್ತೆ ಮತ್ತೆ ಪರೀಕ್ಷೆಯಲ್ಲಿ ಸಾಬೀತಾಗಿದೆ. ನೀರು ಧಾರಾಳವಾಗಿ ಕುಡಿಯಬೇಕು, ಬೇರೆ ಮಾತ್ರೆಗಳಿಂದ ಒಂದೆರಡು ಗಂಟೆ ದೂರ ಇಡಬೇಕು.

ಇತ್ತ ಗುಗ್ಗುಳದ ಗಿಡ ರಾಜಸ್ಥಾನ, ಗುಜರಾತಿನ ಒಣನೆಲದಲ್ಲಿ ನಿಧಾನವಾಗಿ ಬೆಳೆಯುವಂಥದ್ದು. ತೊಗಟೆಗೆ ಗಾಯ ಮಾಡಿ ಅಂಟು ಇಳಿಸುತ್ತಾರೆ. ಹೆಚ್ಚು ಅಂಟಿನ ಆಸೆಗೆ ಗಾಯ ಆಳವಾದರೆ ಗಿಡವೇ ಒಣಗುತ್ತದೆ. ಅಳಿವಿನ ಅಪಾಯದ ಜೀವಿಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಅದೀಗ ಅಳಿವಿನ ಅಂಚಿನಲ್ಲಿರುವ ಜಾತಿ.