ಸಾಂಬಾರ್ ಈರುಳ್ಳಿಗೂ ಬೀಜವುಂಟು

ಸಾಂಬಾರ್ ಈರುಳ್ಳಿಗೆ ಬೀಜವೇ ಇಲ್ಲ, ಗೆಡ್ಡೆ ಊರಿದರೆ ಮಾತ್ರ ಬರುತ್ತದೆ ಎಂಬ ಮಾತನ್ನು ತಾಳವಾಡಿ ಸೀಮೆಯಲ್ಲಿ ಯಾರ ಬಾಯಲ್ಲಾದರೂ ಕೇಳಬಹುದು. ಹೊಲದಲ್ಲಿ ತಲೆಮಾರುಗಳಿಂದ ಗೆಡ್ಡೆಯನ್ನೇ ಊರುತ್ತ ಬಂದಿದ್ದೇವೆ, ಹಾಗಾಗಿ ನಂಬಿಕೆ ಗಟ್ಟಿಯಾಗಿದೆ. ಆದರೆ ಇದೂ ದೊಡ್ಡ ಈರುಳ್ಳಿಯ ಪ್ರಭೇದವೇ, ಆಲಿಯಂ ಸೆಪ. ತಳಿಗೆ ಆ ಗುಣವಿದ್ದು ಚಳಿಯೂ ಸಿಕ್ಕರೆ ದಂಟೆತ್ತಿ ಹೂಬಿಡುತ್ತದೆ, ಕರಿ ಬೀಜ ಕಟ್ಟುತ್ತದೆ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಕೋ-5 ತಳಿಯನ್ನು ಬೀಜದಿಂದಲೇ ಬೆಳೆಯುತ್ತಾರೆ. ಹೆಕ್ಟೇರಿಗೆ ಗೆಡ್ಡೆ 1000 ಕಿಲೋವಾದರೂ ಬೇಕು, ಬೀಜ ಎರಡು-ಮೂರು ಕಿಲೋ ಸಾಕು. ಹಿತ್ತಲಿಗಾದರೆ ಒಂದೆರಡು ಗ್ರಾಂ ಧಾರಾಳ.

ಖರ್ಚಿನ ಮಾತು ಹಾಗಿರಲಿ. ಬೀಜದ ಪರವಾಗಿ ನಾನು ಇಷ್ಟು ಹಟ ಹಿಡಿಯುವುದು ವೈರಸ್ಸಿನ ಕಾರಣಕ್ಕೆ.

ಕತ್ತರಿಸಿದ ಈರುಳ್ಳಿಯನ್ನು ಕೋಣೆಯಲ್ಲಿಟ್ಟರೆ ಗಾಳಿಯಲ್ಲಿನ ವೈರಸ್ಸನ್ನೆಲ್ಲ ಹೀರಿಕೊಳ್ಳುತ್ತದೆ ಎಂಬ ವಾಟ್ಸಾಪ್ ಸಂದೇಶ ಜ್ವರದ ಕಾಲ ಬಂದಾಗಲೆಲ್ಲ ಹರಿದಾಡುತ್ತದೆ. ಕೆಟ್ಟ ಗಾಳಿಯಿಂದಲೇ ರೋಗ ಬರುತ್ತದೆ ಎಂದು ಯುರೋಪು ನಂಬಿದ್ದ ಕಾಲದ ಕಲ್ಪನೆ ಅದು. ಈರುಳ್ಳಿಗೆ ಅಂಥ ಶಕ್ತಿಯಿಲ್ಲ. ಇದನ್ನು ನಂಬಿ ಡಾಕ್ಟರ ಬಳಿ ಹೋಗಲು ತಡಮಾಡುವವರ ಬಗ್ಗೆ ನನಗೆ ನಿಜಕ್ಕೂ ಆತಂಕವಿದೆ. ಈರುಳ್ಳಿಯೊಳಗೆ ವೈರಸ್ ಇರುವುದುಂಟು, ಆದರೆ ಅದು ಈರುಳ್ಳಿಯ ಸ್ವಂತ ಕಾಯಿಲೆ, ನಮಗೆ ತಗಲದು.

ಒಂದು ಸಾಂಬಾರ್ ಈರುಳ್ಳಿಯನ್ನು ಅಡ್ಡ ಕೊಯ್ದು ನೋಡಿ. ಸುರುಳಿಗಳ ನಡುವೆ ಎರಡು ಮೂರು ಮೊಗ್ಗುಗಳು ಕಾಣುತ್ತವೆ. ಊರಿದಾಗ ಒಂದೊಂದೂ ಬೇರೆ ಗೆಡ್ಡೆಯಾಗುತ್ತದೆ. ಅಂದರೆ ಈ ವರ್ಷದ ಬೆಳೆ ಹೋದ ವರ್ಷದ ಗಿಡದ್ದೇ ಮುಂದುವರಿಕೆ. ಎಲೆಗೆ ಹಳದಿ ಗೀರು ಬಂದು ಗಿಡ ಕುಗ್ಗುವ ಹಳದಿ ಕುಬ್ಜ ರೋಗದ ವೈರಸ್ಸನ್ನು ಗಿಡಹೇನು ಒಮ್ಮೆ ಅಂಟಿಸಿತೆಂದರೆ ಅದು ಗೆಡ್ಡೆಗಿಳಿದು ಮುಂದಿನ ನಾಟಿಗೂ ದಾಟುತ್ತದೆ. ಬೀಜದಲ್ಲಿ ಹಾಗಾಗುವುದಿಲ್ಲ. ತಾಯಿಗಿಡ ಬೀಜಕ್ಕೆ ಆಹಾರ ಕೊಡುತ್ತದೆ ನಿಜ, ಆದರೆ ಅದರ ನಾಳಗಳು ಒಳಗಿನ ಭ್ರೂಣದವರೆಗೆ ಹೋಗಿ ಕೂಡುವುದಿಲ್ಲ. ಒಂದೇ ಗೋಡೆಗೆ ಅಂಟಿಕೊಂಡಿದ್ದರೂ ನಡುವೆ ಬಾಗಿಲಿಲ್ಲದ ಎರಡು ಮನೆಗಳ ಹಾಗೆ. ಹಾಗಾಗಿ ರೋಗ ಹಿಡಿದ ಗಿಡದ ಬೀಜದಿಂದಲೂ ಸಾಮಾನ್ಯವಾಗಿ ಈ ರೋಗವಿಲ್ಲದ ಸಸಿ ಬರುತ್ತದೆ.

ಬೀಜದಿಂದ ಬೆಳೆದದ್ದು ಅಸಲಿಯಲ್ಲ ಎಂಬ ತಕರಾರು ನಮ್ಮಲ್ಲಿ ಮಾತ್ರವಲ್ಲ, ಯುರೋಪಿನಲ್ಲೂ ಇತ್ತು. ಗೆಡ್ಡೆಯಿಂದ ಬೆಳೆದದ್ದನ್ನು ಮಾತ್ರ ಶಾಲಟ್, ಅಂದರೆ ಸಣ್ಣ ಈರುಳ್ಳಿಯೆಂದು ಮಾರಬೇಕು ಎಂದು ಫ್ರಾನ್ಸ್ 1990ರಲ್ಲಿ ನಿಯಮ ಮಾಡಿತ್ತು. ಡಚ್ಚರ ಆಂಬಿಷನ್, ಮೆಟಡಾರ್ ಎಂಬ ಬೀಜದ ತಳಿಗಳ ವ್ಯಾಜ್ಯ ಯುರೋಪಿನ ನ್ಯಾಯಾಲಯದವರೆಗೆ ಹೋಗಿ, 2006ರಲ್ಲಿ ಆ ನಿರ್ಬಂಧ ನಿಲ್ಲದು ಎಂದು ತೀರ್ಪಾಯಿತು.

ಹಾಗೆಂದು ಆ ತಳಿಗಳನ್ನು ಆನ್‌ಲೈನಿನಲ್ಲಿ ತರಿಸಬೇಡಿ. ಗೆಡ್ಡೆ ಕಟ್ಟಲು ಅವಕ್ಕೆ ಯುರೋಪಿನ ಬೇಸಿಗೆಯ ಉದ್ದ ಹಗಲು ಬೇಕು. ನಮ್ಮಲ್ಲಿ ಹಗಲು ಯಾವ ತಿಂಗಳಲ್ಲೂ 13 ಗಂಟೆ ಮುಟ್ಟುವುದಿಲ್ಲ, ಬರೀ ಸೊಪ್ಪು ಸಿಗುತ್ತದೆ. ಗೆಡ್ಡೆ ಕಟ್ಟಲು ಅಮಾವಾಸ್ಯೆ ಹುಣ್ಣಿಮೆಯ ಹಂಗಿಲ್ಲ, ಹಗಲಿನ ಉದ್ದದ್ದೇ ಲೆಕ್ಕ.

ಬೀಜ ಆ ವರ್ಷದ್ದೇ ಇರಲಿ, ಈರುಳ್ಳಿ ಬೀಜ ಬಹುಬೇಗ ಜೀವ ಕಳೆದುಕೊಳ್ಳುತ್ತದೆ. ಒಟ್ಲಿನಲ್ಲಿ, ಅಂದರೆ ಸಸಿ ಮಡಿಯಲ್ಲಿ, ಒಂದು ಸೆಂಟಿಮೀಟರಿಗಿಂತ ಆಳಕ್ಕೆ ಬಿತ್ತಬೇಡಿ. ಮೊಳಕೆ ನೆಟ್ಟಗೆ ಬರುವುದಿಲ್ಲ, ಮಡಚಿದ ಮೊಣಕಾಲಿನಂತೆ ಬಾಗಿ ಮಣ್ಣು ಸೀಳುತ್ತದೆ, ಆಮೇಲೆ ತುದಿಯಲ್ಲಿ ಕರಿ ಸಿಪ್ಪೆ ಹೊತ್ತು ನೆಟ್ಟಗಾಗುತ್ತದೆ. ಕೆಮ್ಮಣ್ಣು ಹೆಪ್ಪುಗಟ್ಟಿದರೆ ಆ ಬಾಗು ಅಲ್ಲೇ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಮೇಲೆ ಜರಡಿ ಹಿಡಿದ ಗೊಬ್ಬರ ಉದುರಿಸಿ. ಆರು ವಾರಕ್ಕೆ ಕಿತ್ತು ಗೇಣಿಗೆರಡರಂತೆ ನಾಟಿ ಮಾಡಿ.

ಮೊದಲ ಬೆಳೆಯಲ್ಲಿ ಬುಡಕ್ಕೆ ಗೆಡ್ಡೆ ಕಡಿಮೆ ಎನಿಸಬಹುದು. ಅದರಲ್ಲೇ ಒಳ್ಳೆಯವನ್ನು ಆರಿಸಿಟ್ಟು ಮುಂದಿನ ಸಲ ಊರಿದರೆ ಹಿಂಡು ಹಿಂಡಾಗಿ ಬರುತ್ತವೆ. ಗಿಡಹೇನು ವೈರಸ್ಸನ್ನು ಮತ್ತೆ ತಂದೇ ತರುತ್ತದೆ. ಎಲೆಯಲ್ಲಿ ಹಳದಿ ಗೀರು ಕಂಡ ಬುಡಗಳನ್ನು ಕಿತ್ತು ಬಿಸಾಡಿ, ಅಂಥವು ಹೆಚ್ಚಾದ ವರ್ಷ ಹೊಸ ಬೀಜ ತಂದು ಒಟ್ಲು ಹಾಕಿ.