ಅಣುಬಾಂಬ್ ಸುದ್ದಿಯಿಂದ ವಿಕಿರಣ ಮರೆಯಾದ ಬಗೆ

ಅಣುಬಾಂಬ್ ಎಂದರೇನೆಂದು ಅಮೆರಿಕದ ಜನಸಾಮಾನ್ಯರಿಗೆ ಮೊದಲು ತಿಳಿಸಿಕೊಟ್ಟವರಲ್ಲಿ ವಿಲಿಯಂ ಲಾರೆನ್ಸ್ ಪ್ರಮುಖರು. ನ್ಯೂಯಾರ್ಕ್ ಟೈಮ್ಸ್‌ನ ವಿಜ್ಞಾನ ವರದಿಗಾರರಾಗಿದ್ದ ಅವರನ್ನು 1945ರಲ್ಲಿ ಬಾಂಬ್ ತಯಾರಿಸುತ್ತಿದ್ದ ಮ್ಯಾನ್‌ಹ್ಯಾಟನ್ ಯೋಜನೆಯೇ ಕರೆಸಿಕೊಂಡಿತ್ತು. ಹಿರೋಷಿಮಾ ದಾಳಿಯ ನಂತರ ಸರ್ಕಾರ ಹಂಚಿದ ಎಷ್ಟೋ ಪತ್ರಿಕಾ ಹೇಳಿಕೆಗಳು ಅವರೇ ಬರೆದವು. ನಾಗಸಾಕಿ ದಾಳಿಯನ್ನು ಜೊತೆಯ ವಿಮಾನದಿಂದ ಕಂಡ ಅವರು, ಆ ಬೆಂಕಿಯ ಕಂಬವನ್ನು ಕಣ್ಣೆದುರೇ ಜನಿಸಿದ ಹೊಸ ಜೀವಿಯೆಂಬಂತೆ ವರ್ಣಿಸಿದರು. ಕೆಳಗೆ ಬೆಂದವರು ಆ ವರ್ಣನೆಯಲ್ಲಿ ಕಾಣಲಿಲ್ಲ.

ಅಂಥವರನ್ನು ಕಂಡವರು ಆಸ್ಟ್ರೇಲಿಯಾದ ಪತ್ರಕರ್ತ ವಿಲ್ಫ್ರೆಡ್ ಬರ್ಚೆಟ್. ಅಮೆರಿಕದ ಸೇನೆಯ ಕಣ್ತಪ್ಪಿಸಿ ಟೋಕಿಯೊದಿಂದ ರೈಲಿನಲ್ಲಿ ಹಿರೋಷಿಮಾ ತಲುಪಿದ ಅವರ ವರದಿ ಸೆಪ್ಟೆಂಬರ್ 5ರಂದು ಲಂಡನ್ನಿನ ಡೈಲಿ ಎಕ್ಸ್‌ಪ್ರೆಸ್‌ನಲ್ಲಿ ಬಂತು. ಮೈಮೇಲೆ ಗಾಯವೇ ಇಲ್ಲದವರು ಕೂದಲು ಉದುರಿ, ರಕ್ತ ಸೋರಿ ಸಾಯುತ್ತಿದ್ದಾರೆ ಎಂದು ಅವರು ಬರೆದರು. ಅದನ್ನು ಅಲ್ಲಗಳೆಯಲು ಸೇನೆ ಪತ್ರಕರ್ತರನ್ನು ಬಾಂಬನ್ನು ಮೊದಲು ಸಿಡಿಸಿ ನೋಡಿದ್ದ ನ್ಯೂ ಮೆಕ್ಸಿಕೊದ ಪರೀಕ್ಷಾ ಸ್ಥಳಕ್ಕೆ ಕರೆದೊಯ್ದಿತು. ವಿಕಿರಣದ ಮಣ್ಣು ಅಂಟದಿರಲೆಂದು ಎಲ್ಲರ ಬೂಟಿಗೂ ಬಿಳಿ ಬಟ್ಟೆಯ ಹೊದಿಕೆ ಹಾಕಲಾಗಿತ್ತು. ಅಂಥ ನೆಲದ ಮೇಲೆ ನಡೆದು ಬಂದ ಲಾರೆನ್ಸ್, ವಿಕಿರಣದ ಸಾವಿನ ಮಾತೆಲ್ಲ ಜಪಾನೀಯರ ಅಪಪ್ರಚಾರ ಎಂಬ ಸೇನೆಯ ವಾದಕ್ಕೆ ದನಿಯಾದರು. ಮರುವರ್ಷ ಅವರಿಗೆ ಪುಲಿಟ್ಜರ್ ಪ್ರಶಸ್ತಿ ಸಂದಿತು. ತಿಳಿಯದೆ ತಪ್ಪು ಬರೆಯುವುದು ಬೇರೆ. ಇದನ್ನು ಹಾಗೆಂದು ಕ್ಷಮಿಸಲು ನನಗೆ ಸಾಧ್ಯವಿಲ್ಲ.

1946ರ ಆಗಸ್ಟ್‌ನಲ್ಲಿ ನ್ಯೂಯಾರ್ಕರ್ ವಾರಪತ್ರಿಕೆ ಇಡೀ ಸಂಚಿಕೆಯನ್ನು ಹಿರೋಷಿಮಾದಲ್ಲಿ ಬದುಕುಳಿದ ಆರು ಜನರ ಕಥೆಗೆ ಮೀಸಲಿಟ್ಟಿತು. ಓದುಗರು ಬೆಚ್ಚಿಬಿದ್ದರು. ಆದರೂ 1950ರ ಹೊತ್ತಿಗೆ ವಿಕಿರಣ ಸೂಸುವ ಯುರೇನಿಯಂ ಅದಿರಿನ ಚೂರುಗಳಿದ್ದ ಮಕ್ಕಳ ಆಟಿಕೆ ಪೆಟ್ಟಿಗೆಯೇ 49.50 ಡಾಲರಿಗೆ ಮಾರಾಟಕ್ಕೆ ಬಂತು.

1954ರ ಮಾರ್ಚ್ 1ರಂದು ಪೆಸಿಫಿಕ್ ಸಾಗರದ ಬಿಕಿನಿ ದ್ವೀಪಸ್ತೋಮದಲ್ಲಿ ಅಮೆರಿಕ ಸಿಡಿಸಿದ ಹೈಡ್ರೋಜನ್ ಬಾಂಬ್ ಎಣಿಸಿದ್ದಕ್ಕಿಂತ ಎರಡು ಪಟ್ಟಿಗೂ ಮಿಗಿಲಾಗಿ, 15 ಮೆಗಾಟನ್ ಸಾಮರ್ಥ್ಯದಲ್ಲಿ ಸ್ಫೋಟಿಸಿತು. ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನಿ ದೋಣಿಯೊಂದರ 23 ಮಂದಿಯ ಮೇಲೆ ವಿಕಿರಣ ತುಂಬಿದ ಬಿಳಿ ಬೂದಿ ಸುರಿಯಿತು. ದೋಣಿಯ ರೇಡಿಯೊ ನಿರ್ವಾಹಕ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ನವೆಂಬರ್‌ನಲ್ಲಿ ಜಪಾನಿನ ತೆರೆಗೆ ಬಂದ ದೈತ್ಯಮೃಗ ಗಾಡ್ಜಿಲ್ಲಾ ಹುಟ್ಟಿದ್ದು ಈ ಭಯದಲ್ಲೇ.

1957ರ ಜನವರಿಯಲ್ಲಿ ಡಿಸ್ನಿ ಸಂಸ್ಥೆ ಅಮೆರಿಕದ ಟಿವಿಯಲ್ಲಿ ಪರಮಾಣುವನ್ನು ‘ನಮ್ಮ ಮಿತ್ರ’ನೆಂದು ಪರಿಚಯಿಸಿತು. ಬೆಸ್ತನೊಬ್ಬನ ಬಲೆಗೆ ಸಿಕ್ಕ ಪಾತ್ರೆಯಿಂದ ಹೊರಬಂದ ಭೂತ, ಅವನ ಜಾಣತನಕ್ಕೆ ಸೋತು ವರ ಕೊಡುವ ಕಥೆ ಅದು. ಭೂತವನ್ನು ಗೆದ್ದ ಬೆಸ್ತನನ್ನು ಮಕ್ಕಳಿಗೆ ತೋರಿಸಿದಾಗ, ಬೂದಿಯಲ್ಲಿ ನೆಂದ ಆ 23 ಮೀನುಗಾರರ ಸುದ್ದಿಗೆ ಇನ್ನೂ ಮೂರು ವರ್ಷವೂ ತುಂಬಿರಲಿಲ್ಲ.